ಹುರುಳಿ ಸಾರಿಗೆ ಬಾಳೆಹಣ್ಣು

ಹುರುಳಿಕಾಳಿನ ಬಸ್ಸಾರಿಗೆ ಬಾಳೆಹಣ್ಣು ಕಿವುಚಿಕೊಂಡು ಮುದ್ದೆ ಉಣ್ಣುತ್ತೇವೆ ಎಂದು ಯಾರ ಮುಂದೆ ಹೇಳಿದರೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹಾಗೆ ಸಿಂಡರಿಸಿದವರೇ ಒಂದು ತುತ್ತು ಉಂಡ ಮೇಲೆ ಇನ್ನೊಂದು ಹಣ್ಣಿಗೆ ಕೈ ಚಾಚಿದ್ದನ್ನು ನೋಡಿದ್ದೇನೆ. ಹುರುಳಿಯ ಒಗರು, ಹುಣಸೆಯ ಹುಳಿ, ಮೆಣಸಿನಕಾಯಿಯ ಖಾರ ಮೂರೂ ಸೇರಿ ನಾಲಿಗೆಯನ್ನು ಜಗ್ಗಾಡುವ ಹೊತ್ತಿಗೆ ಹಣ್ಣಿನ ಸಿಹಿ ಬಂದು ಸಮಾಧಾನ ಮಾಡುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ‘ಅಮ್ಮನ ಸಾರು’ ಎಂದು ಹೆಸರು. ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ ಆ ಹೆಸರಿನಲ್ಲೇ ಉಂಡೆವು. ನಮ್ಮಮ್ಮ ಮಾತ್ರ ಬದುಕಿದ್ದಾಗ ಒಂದು ದಿನವೂ ಅದನ್ನು ಉಂಡವಳಲ್ಲ. ಅದು ನನ್ನ ಹನ್ನೊಂದನೇ ವಯಸ್ಸಿನಲ್ಲಿ ನಾನು ಹೇಳಿದ ಸುಳ್ಳು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಕುಣಿಗಲ್ಲಿನಲ್ಲಿ ಒಂದು ಹೆಂಚಿನ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಪ್ಪನ ತಾಯಿ ನಮ್ಮ ಜೊತೆಗೇ ಇದ್ದಳು. ಅಮ್ಮ ಕಾಮಾಲೆಯಾಗಿ ಶ್ರಾವಣದಲ್ಲಿ ತೀರಿಕೊಂಡಾಗ ನನಗೆ ಹತ್ತು ವರ್ಷ, ತಮ್ಮನಿಗೆ ಎರಡು. ಅವನಿಗೆ ಅಮ್ಮನ ಮುಖವೂ ನೆನಪಿಲ್ಲ. ನನಗೆ ಎಲ್ಲವೂ ನೆನಪಿದೆ, ಅದರಲ್ಲೂ ನಾಲ್ಕೂವರೆ ಗಂಟೆ.

ನಾನು ಸ್ಕೂಲಿನಿಂದ ಬರುವ ಹೊತ್ತದು. ಅಪ್ಪ ಆಫೀಸಿನಲ್ಲಿ, ತಮ್ಮ ನಿದ್ದೆಯಲ್ಲಿ, ಅಜ್ಜಿ ಪಕ್ಕದ ಮನೆಯ ಜಗಲಿಯಲ್ಲಿ. ಅಮ್ಮ ಮಧ್ಯಾಹ್ನ ಮುದ್ದೆ ತೊಳಸಿದ ಪಾತ್ರೆಯನ್ನು ನೀರು ಹಾಕದೆ ಮೂಲೆಯಲ್ಲಿ ಇಟ್ಟಿರುತ್ತಿದ್ದಳು. ತಳಕ್ಕೆ ಕಚ್ಚಿಕೊಂಡ ರಾಗಿ ಅಷ್ಟು ಹೊತ್ತಿಗೆ ಒಣಗಿ, ಅಂಚಿನಲ್ಲಿ ತಾನಾಗಿಯೇ ಮೇಲೆದ್ದಿರುತ್ತಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದರೆ ಅಂಗೈಯಗಲದ ಚಕ್ಕೆಗಳು ಬರುತ್ತಿದ್ದವು. ಅಮ್ಮ ಬೆಲ್ಲದ ಕಾಫಿ ಮಾಡಿ, ಹಿತ್ತಿಲ ಬಾಗಿಲ ಹೊಸ್ತಿಲಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಕ್ಕೆಯನ್ನು ಕಾಫಿಗೆ ಅದ್ದಿ ಒಂದು ತನಗೆ ಒಂದು ನನಗೆ ಎಂದು ತಿನ್ನಿಸುತ್ತಿದ್ದಳು. ಪೂರ್ತಿ ನೆನೆಯುವುದಕ್ಕೆ ಬಿಡಬಾರದು. ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗಲೇ ಬಾಯಿಗೆ ಹಾಕಿಕೊಳ್ಳಬೇಕು. ಸುಟ್ಟ ರಾಗಿಯ ಕಹಿಯೂ ಬೆಲ್ಲದ ಸಿಹಿಯೂ ಒಟ್ಟಿಗೆ ಸಿಗುತ್ತಿದ್ದವು. ಪಾತ್ರೆ ಕೆರೆದು ತಿಂದರೆ ಮದುವೆ ದಿನ ಮಳೆ ಬರುತ್ತದೆ ಎಂದು ಅಜ್ಜಿ ಬೈಯುತ್ತಾಳೆಂದು ಅವಳು ಬರುವುದರೊಳಗೆ ಲೋಟ ತೊಳೆದಿಡುತ್ತಿದ್ದೆವು. ಇದು ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಅಮ್ಮ ಹೋದ ಆರು ತಿಂಗಳಿಗೆ ಅಪ್ಪ ಇನ್ನೊಂದು ಮದುವೆಯಾದ. ಎರಡು ವರ್ಷದ ಕೂಸನ್ನು ಸಾಕುವುದು ತನ್ನ ಕೈಲಾಗುವುದಿಲ್ಲ ಎಂದು ಅಜ್ಜಿಯೇ ಮಾಡಿಸಿದ ಮದುವೆ ಅದು. ಹೆಣ್ಣು ಗುಬ್ಬಿ ತಾಲ್ಲೂಕಿನವಳು, ನಿಟ್ಟೂರಿನ ಹತ್ತಿರದ ಹಳ್ಳಿ. ಮೂವತ್ತು ದಾಟಿತ್ತು. ಮಾತು ಕಡಿಮೆ, ನಡೆದರೆ ಹೆಜ್ಜೆಯ ಸದ್ದಾಗುತ್ತಿರಲಿಲ್ಲ. ತಮ್ಮ ವಾರದೊಳಗೆ ಅವಳನ್ನು ಅಮ್ಮ ಎಂದು ಕರೆದ. ನನಗೆ ಹೊಟ್ಟೆ ಉರಿಯಿತು. ಅಜ್ಜಿಯ ಬಲವಂತಕ್ಕೆ ನಾನು ಚಿಕ್ಕಮ್ಮ ಎಂದೆ, ಅದೂ ತೀರಾ ಅಗತ್ಯವಿದ್ದಾಗ.

ನನಗಿದ್ದ ಒಂದೇ ಆಯುಧ ಊಟ. ಅಜ್ಜಿ ಬಡಿಸಿದರೆ ಉಣ್ಣುತ್ತಿದ್ದೆ, ಚಿಕ್ಕಮ್ಮ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರು ಬಡಿಸಿದರೂ ಅಡುಗೆ ಚಿಕ್ಕಮ್ಮನದ್ದೇ ಎಂಬುದು ನನಗೆ ಗೊತ್ತಿತ್ತು, ಆದರೂ ಹಠ. ಮೈ ಇಳಿದು ಹೋಗಿದ್ದೆ. ಅವಳು ಒಂದು ದಿನವೂ ಬಲವಂತ ಮಾಡಲಿಲ್ಲ. ಸೌಟನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು ಹೋಗುತ್ತಿದ್ದಳು.

ಅಜ್ಜಿಗೆ ಅವಳ ಮೇಲೆ ಒಂದು ದೂರಿತ್ತು. ಚಿಕ್ಕಮ್ಮ ಮುದ್ದೆ ಪಾತ್ರೆಗೆ ನೀರು ಹಾಕುತ್ತಿರಲಿಲ್ಲ. ಅಮ್ಮ ಸತ್ತ ಮೇಲೆ ಅಡುಗೆಮನೆ ಹಿಡಿದ ಅಜ್ಜಿ ಉಂಡ ಕೂಡಲೇ ಪಾತ್ರೆಗೆ ನೀರು ತುಂಬಿಸಿಡುತ್ತಿದ್ದಳು, ಆರು ತಿಂಗಳು ನನಗೆ ಒಂದು ಚಕ್ಕೆಯೂ ಸಿಕ್ಕಿರಲಿಲ್ಲ. ಚಿಕ್ಕಮ್ಮ ಬಂದ ಮೊದಲ ತಿಂಗಳಲ್ಲಿ ಒಂದು ಸಂಜೆ ಪಾತ್ರೆ ಒಣಗಿಕೊಂಡು ಕೂತಿದ್ದನ್ನು ಕಂಡೆ. ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ತಮ್ಮನನ್ನು ಮಲಗಿಸುತ್ತಿದ್ದಳು. ನಾನು ಚಕ್ಕೆ ಎಬ್ಬಿಸಿ, ಫ್ಲಾಸ್ಕಿನಲ್ಲಿದ್ದ ಕಾಫಿಗೆ ಬೆಲ್ಲ ಹಾಕಿಕೊಂಡು, ಹಿತ್ತಿಲ ಹೊಸ್ತಿಲಲ್ಲಿ ಒಬ್ಬಳೇ ಕೂತು ತಿಂದೆ. ಅಂದಿನಿಂದ ದಿನವೂ ಪಾತ್ರೆ ಹಾಗೇ ಇರುತ್ತಿತ್ತು, ಅಜ್ಜಿ ದಿನವೂ ಗೊಣಗುತ್ತಿದ್ದಳು. ಮುದ್ದೆ ಪಾತ್ರೆ ನೆನೆಹಾಕಬೇಕು ಅನ್ನುವುದನ್ನೂ ತವರಿನಲ್ಲಿ ಕಲಿಸಲಿಲ್ಲವೇ ಎಂದು ನೆಂಟರ ಮುಂದೆಯೂ ಹೇಳಿದಳು. ಚಿಕ್ಕಮ್ಮ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಮಾರನೆಯ ದಿನ ಮತ್ತೆ ಪಾತ್ರೆ ಒಣಗಿರುತ್ತಿತ್ತು. ಶುದ್ಧ ಸೋಮಾರಿ ಎಂದು ನಾನೂ ಒಳಗೊಳಗೇ ಅಂದುಕೊಂಡೆ, ಅವಳ ಸೋಮಾರಿತನದ ಚಕ್ಕೆಯನ್ನೇ ತಿನ್ನುತ್ತಾ.

ಆ ವರ್ಷದ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರಿಗೆಲ್ಲ ಒಂದೊಂದು ಬಾಳೆಯೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಅಜ್ಜನ ಎಲೆಯ ಪಕ್ಕ ಬೀಡಿ ಕಟ್ಟು ಇರುತ್ತಿತ್ತು. ಇಟ್ಟಾದ ಮೇಲೆ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾಯಬೇಕು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗಿ, ಎಡೆಯದನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಹಿರಿಯರು ಉಣ್ಣುವ ಮುಂಚೆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಅಡುಗೆ ಮಾಡಿದವಳೂ ನೋಡುವಂತಿಲ್ಲ. ಉಪ್ಪನ್ನು ಕೈಯಳತೆಯಲ್ಲಿ, ಖಾರವನ್ನು ವಾಸನೆಯಲ್ಲಿ ತಿಳಿಯಬೇಕು.

ಅಮ್ಮನಿಗೆ ವರ್ಷ ತುಂಬಿದ್ದರಿಂದ ಅವಳ ಮೊದಲ ಎಡೆ ಅದು. ಅವಳಿಗೆ ಏನಿಷ್ಟವಿತ್ತು ಎಂಬ ಪ್ರಶ್ನೆ ಎದ್ದಿತು. ಅಪ್ಪನಿಗೆ ಹೊಳೆಯಲಿಲ್ಲ. ಅವಳು ಎಲ್ಲಾ ತಿನ್ನುತ್ತಿದ್ದಳು, ಇಂಥದ್ದೇ ಬೇಕು ಅಂದವಳಲ್ಲ ಎಂದಳು ಅಜ್ಜಿ. ಹಬ್ಬಕ್ಕೆ ಎರಡು ದಿನ ಮುಂಚೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಚಿಕ್ಕಮ್ಮ ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ನಿಮ್ಮಮ್ಮಂಗೆ ಏನಂದ್ರೆ ಇಷ್ಟ ಇತ್ತು ಕಣವ್ವ? ಎಡೆಗೆ ಇಡ್ಬೇಕು. ನಿಂಗಲ್ದೆ ಇನ್ಯಾರಿಗೂ ಗೊತ್ತಿರಲ್ಲ.”

ನನಗೆ ಗೊತ್ತಿತ್ತು. ಹೇಳಿದರೆ ಆ ಹೊಸ್ತಿಲೂ ಆ ಕಾಫಿ ಲೋಟವೂ ಇವಳ ಕೈ ಸೇರುತ್ತವೆ. ಅಡುಗೆಮನೆ ಸೇರಿತ್ತು, ಹಾಸಿಗೆ ಸೇರಿತ್ತು, ತಮ್ಮ ಸೇರಿದ್ದ. ಇದೊಂದು ಉಳಿದಿತ್ತು. ಕೊಡುವುದಿಲ್ಲ ಅಂದುಕೊಂಡೆ. ಕೊಡದಿದ್ದರೆ ಸಾಲದು, ಎಲ್ಲರೆದುರಿಗೆ ಇವಳ ಮುಖ ಸಪ್ಪಗಾಗಬೇಕು ಎಂದೂ ಅನ್ನಿಸಿತು. ಎಡೆಯ ಅಡುಗೆಯನ್ನು ರುಚಿ ನೋಡುವಂತಿಲ್ಲವಲ್ಲ, ಆದ್ದರಿಂದ ಇಡುವವರೆಗೂ ಇವಳಿಗೆ ತಿಳಿಯುವುದಿಲ್ಲ. ಹನ್ನೊಂದು ವರ್ಷದ ತಲೆ ಅಷ್ಟು ದೂರ ಓಡಿತ್ತು ಎಂದು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಪರಸ್ಪರ ಹೊಂದದ ಎರಡು ವಸ್ತು ಯಾವುದಿರಬಹುದೆಂದು ಯೋಚಿಸಿ, ಹುರುಳಿಕಾಳು ಬಸ್ಸಾರಿಗೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುತ್ತಿದ್ದಳು ಎಂದೆ.

ಚಿಕ್ಕಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಾವ ಬಾಳೆಹಣ್ಣು ಎಂದು ಕೇಳಿದಳು. ಏಲಕ್ಕಿ ಬಾಳೆ ಎಂದೆ. ಒಗ್ಗರಣೆಗೆ ಮುಂಚೆಯೋ ಆಮೇಲೋ ಎಂದಳು. ಆಮೇಲೆ ಎಂದೆ. ಎರಡನ್ನೂ ಒಮ್ಮೆ ಬಾಯಲ್ಲಿ ಹೇಳಿಕೊಂಡು, ಸೆರಗು ಕೊಡವಿಕೊಂಡು ಎದ್ದು ಹೋದಳು.

ಅಮಾವಾಸ್ಯೆಯ ದಿನ ಹೆಬ್ಬೂರಿನಿಂದ ಅಪ್ಪನ ಅಕ್ಕ ಬಂದಿದ್ದಳು. ಸಂಜೆ ದೀಪ ಹಚ್ಚಿ ಎಡೆ ಇಡುವಾಗ ಅಮ್ಮನ ಎಲೆಯ ಮೇಲೆ ಮುದ್ದೆ, ಅದರ ಪಕ್ಕ ಬಾಳೆಹಣ್ಣು ತೇಲುವ ಬಸ್ಸಾರು ಕಂಡು ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಎಡೆಗೆ ಹುರುಳಿ ಇಡುವ ವಾಡಿಕೆ ನಮ್ಮಲ್ಲಿರಲಿಲ್ಲ. ನಿಮ್ಮ ಕುಣಿಗಲ್ಲಿನ ಫಾರಂ ಕುದುರೆಗಳಿಗೂ ಹುರುಳಿಯನ್ನು ಹೀಗೆ ಕಲಸಿ ಹಾಕುವುದಿಲ್ಲ, ಸತ್ತವಳಿಗೆ ಇಡುತ್ತೀರಲ್ಲ ಎಂದಳು. ನಾನು ಕಂಬದ ಹಿಂದೆ ನಿಂತಿದ್ದೆ. ಈಗ ಚಿಕ್ಕಮ್ಮ ನನ್ನ ಕಡೆ ಬೆರಳು ತೋರಿಸುತ್ತಾಳೆ ಅಂದುಕೊಂಡೆ. ಅವಳು ತೋರಿಸಲಿಲ್ಲ. ತೀರಿಕೊಂಡ ಅಕ್ಕನಿಗೆ ಇದು ಇಷ್ಟವಿತ್ತಂತೆ, ಅದಕ್ಕೇ ಇಟ್ಟೆ ಎಂದಳು. ಸತ್ತವರಿಗೆ ಇಷ್ಟವಿದ್ದದ್ದಕ್ಕೆ ಶಾಸ್ತ್ರ ಇಲ್ಲ ಎಂದು ಅಜ್ಜಿ ಮಾತು ಮುಗಿಸಿದಳು.

ಬಾಗಿಲು ಮುಚ್ಚಿ ಕಾದು, ಮತ್ತೆ ಒಳಗೆ ಬಂದು ಊಟಕ್ಕೆ ಕೂತೆವು. ಅಮ್ಮನ ಎಲೆಯದನ್ನು ಮೊದಲು ಅಪ್ಪ ಉಣ್ಣಬೇಕಾಗಿತ್ತು. ಅವನು ಮುದ್ದೆ ಮುರಿದು, ಹಣ್ಣು ಬೆರೆತ ಸಾರಿನಲ್ಲಿ ಅದ್ದಿ ನುಂಗಿದ. ಥೂ ಅನ್ನಲಿ ಎಂದು ಕಾದೆ. ಅವನು ಇನ್ನೊಂದು ತುತ್ತು ಮುರಿದ. ಮೂರನೆಯದನ್ನು ಮುರಿಯುವಾಗ ಕೈ ನಿಂತಿತು, ಕಣ್ಣಲ್ಲಿ ನೀರು ಬಂದಿತ್ತು.

“ಹನ್ನೆರಡು ವರ್ಷ ಸಂಸಾರ ಮಾಡ್ದೆ,” ಅಂದ. “ಇದು ನಂಗೆ ಗೊತ್ತೇ ಇರ್ಲಿಲ್ಲ.”

ಅಮ್ಮ ಸತ್ತಾಗಲೂ ಅಪ್ಪ ನಮ್ಮೆದುರಿಗೆ ಅತ್ತಿರಲಿಲ್ಲ. ಅವನು ಅತ್ತದ್ದು ನನ್ನ ಸುಳ್ಳಿಗೆ. ಆಗಲೇ ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ನನ್ನ ತಟ್ಟೆಗೂ ಆ ಸಾರು ಹಾಕಿದಳು. ಎಡೆಯದನ್ನು ಬೇಡ ಅನ್ನುವಂತಿಲ್ಲ, ಕೈ ಅಡ್ಡ ಇಡಲಾಗಲಿಲ್ಲ. ಉಂಡೆ. ಬಾಯಿಗೆ ಇಟ್ಟ ಕೂಡಲೇ ಸಿಟ್ಟು ಬಂತು, ಯಾಕೆಂದರೆ ಚೆನ್ನಾಗಿತ್ತು. ಎಷ್ಟೋ ತಿಂಗಳ ಮೇಲೆ ತಟ್ಟೆ ಪೂರ್ತಿ ಖಾಲಿ ಮಾಡಿದೆ, ಎರಡನೇ ಸಲವೂ ಹಾಕಿಸಿಕೊಂಡೆ. ಚಿಕ್ಕಮ್ಮ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಖಾರ ಕಮ್ಮಿಯಾಗಲೆಂದು ಇನ್ನೂ ಅರ್ಧ ಹಣ್ಣು ಹಿಸುಕಿ, ಅವನಿಗೆ ಚಿಕ್ಕ ಚಿಕ್ಕ ತುತ್ತು ಮಾಡಿ ತಿನ್ನಿಸಿದಳು.

ಅಲ್ಲಿಂದ ಆ ಸಾರು ಮನೆಯಲ್ಲಿ ನೆಲೆಯಾಯಿತು. ಪ್ರತಿ ವರ್ಷ ಎಡೆಗೆ, ನಡುನಡುವೆ ಯಾವ ನೆಪವೂ ಇಲ್ಲದೆ. ಆಡಿಕೊಂಡ ಅತ್ತೆಯೇ ಹೆಬ್ಬೂರಿನಲ್ಲಿ ಮಾಡಲು ಶುರುಮಾಡಿದಳು. ಅಪ್ಪ ಬಂದವರಿಗೆಲ್ಲ ಬಡಿಸಿ, ನಮ್ಮ ಮನೆಯವಳು ಹೀಗೆ ತಿನ್ನುತ್ತಿದ್ದಳು ಎಂದು ಹೇಳುತ್ತಿದ್ದ. ವರ್ಷ ಕಳೆದಂತೆ ಅದಕ್ಕೆ ವಿವರಗಳೂ ಸೇರಿದವು. ಅವಳು ಕದ್ದು ತಿನ್ನುತ್ತಿದ್ದಳು, ಒಮ್ಮೆ ತಾನು ಬಂದಾಗ ತಟ್ಟೆ ಮರೆಮಾಡಿದ್ದಳು ಎಂದೆಲ್ಲ ಅವನಿಗೆ ನೆನಪಾಗತೊಡಗಿತು. ತಮ್ಮ ದೊಡ್ಡವನಾಗಿ ಇನ್ನೂ ಒಂದು ಮಾತು ಹೇಳತೊಡಗಿದ. ಅಮ್ಮನ ಮುಖ ನೆನಪಿಲ್ಲ, ಆದರೆ ತೊಡೆ ಮೇಲೆ ಕೂರಿಸಿಕೊಂಡು ಬಾಳೆಹಣ್ಣು ಹಾಕಿ ಮುದ್ದೆ ತಿನ್ನಿಸಿದ್ದು ನೆನಪಿದೆ ಅನ್ನುತ್ತಿದ್ದ. ಅಮ್ಮನ ಬಗ್ಗೆ ಅವನಲ್ಲಿದ್ದ ಒಂದೇ ನೆನಪು ಅದು. ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಎಡೆಯಲ್ಲಿ ನನಗೆ ನಂಬಿಕೆ ಇದೆಯೇ ಎಂದು ಕೇಳಿದರೆ ಗೊತ್ತಿಲ್ಲ. ಆದರೆ ಪ್ರತಿ ಅಮಾವಾಸ್ಯೆ ಬಾಗಿಲು ಮುಚ್ಚಿ ಹೊರಗೆ ನಿಂತಾಗ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಅಮ್ಮ ಬಂದು ತನ್ನ ಎಲೆ ನೋಡುತ್ತಾಳೆ, ತನ್ನದಲ್ಲದ್ದನ್ನು ನೋಡುತ್ತಾಳೆ, ಹಾಗೇ ಎದ್ದು ಹೋಗುತ್ತಾಳೆ. ವರ್ಷಕ್ಕೊಂದು ದಿನ ಅವಳು ಹಸಿದು ವಾಪಸ್ಸು ಹೋಗುವುದಕ್ಕೆ ನಾನು ಕಾರಣ. ಈ ಸಂಕಟವನ್ನು ಯಾರೊಡನೆಯೂ ಹೇಳಿಕೊಳ್ಳಲಾಗುತ್ತಿರಲಿಲ್ಲ.

ಅಜ್ಜಿ ಹೋದಳು. ನಾನು ಓದು ಮುಗಿಸಿ ಗುಬ್ಬಿಯಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲಿಯವರನ್ನೇ ಮದುವೆಯಾದೆ. ಮುಹೂರ್ತದ ಹೊತ್ತಿಗೆ ಸರಿಯಾಗಿ ಮಳೆ ಸುರಿದು ಶಾಮಿಯಾನ ಜೋತುಬಿತ್ತು. ಎಲ್ಲರೂ ಕುರ್ಚಿ ಎತ್ತಿಕೊಂಡು ಓಡುತ್ತಿದ್ದಾಗ ಚಿಕ್ಕಮ್ಮ ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಗುವುದು ಅಪರೂಪ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಅಪ್ಪ ರಿಟೈರಾದ ಮೇಲೆ ಅವರೆಲ್ಲ ತುಮಕೂರಿಗೆ ಬಂದರು. ತಮ್ಮನಿಗೆ ಅಲ್ಲಿನ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಮದುವೆಯೂ ಆಗಿತ್ತು. ಎರಡು ಸಾವಿರದ ಹತ್ತರ ದಶಕ ಅರ್ಧ ಕಳೆದಿತ್ತು. ಬಂದ ವರ್ಷವೇ ಚಿಕ್ಕಮ್ಮನ ಕಾಲು ಊದಿಕೊಂಡಿತು. ಪರೀಕ್ಷೆ ಮಾಡಿಸಿದರೆ ಎರಡೂ ಕಿಡ್ನಿ ಹಾಳಾಗಿವೆ ಎಂದರು. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಉಪ್ಪು ಬೇಡ, ಎಳನೀರು ಬೇಡ, ಬಾಳೆಹಣ್ಣನ್ನಂತೂ ಮುಟ್ಟಲೇಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಆ ವರ್ಷವೂ ಅಮಾವಾಸ್ಯೆಗೆ ಅವಳೇ ಕೂತು ಬಸ್ಸಾರು ಮಾಡಿಸಿದಳು. ನಮಗೆಲ್ಲ ಬಡಿಸಿ, ತಾನು ಉಪ್ಪಿಲ್ಲದ ಅನ್ನ ಉಂಡಳು.

ಗುಬ್ಬಿಯಿಂದ ಬಸ್ಸಿಗೆ ಬಂದು ನಾನು ಒಂದೊಂದು ಸಲ ಅವಳ ಜೊತೆ ಆಸ್ಪತ್ರೆಯಲ್ಲಿ ಕೂರುತ್ತಿದ್ದೆ. ನಾಲ್ಕು ಗಂಟೆಯ ಕೆಲಸ ಅದು. ಒಂದು ದಿನ ಯಂತ್ರ ಓಡುತ್ತಿತ್ತು, ಅವಳು ಕಣ್ಣು ಮುಚ್ಚಿದ್ದಳು. ಪಕ್ಕದ ಮಂಚದವರಿಗೆ ಯಾರೋ ಕಾಫಿ ತಂದಿದ್ದರು, ಅದರ ವಾಸನೆ ಬಂತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು.

“ಚಿಕ್ಕಮ್ಮ, ಅಮ್ಮ ಬಸ್ಸಾರಿಗೆ ಬಾಳೆಹಣ್ಣು ಹಾಕ್ಕೊಂಡು ತಿಂತಾನೇ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ.”

ಅವಳು ಕಣ್ಣು ತೆರೆಯಲಿಲ್ಲ. “ಗೊತ್ತು ಕಣೆ,” ಅಂದಳು.

ಯಾವಾಗಿನಿಂದ ಎಂದು ಕೇಳಿದೆ. ನಾನು ಹೇಳಿದ ಗಳಿಗೆಯಿಂದಲೇ ಎಂದಳು. ಬಂದ ಮೊದಲ ತಿಂಗಳೇ ಅವಳು ಬಾಗಿಲ ಸಂದಿಯಿಂದ ನೋಡಿದ್ದಳಂತೆ, ನಾನು ಹೊಸ್ತಿಲಲ್ಲಿ ಕೂತು ಕಾಫಿಗೆ ಚಕ್ಕೆ ಅದ್ದಿ ತಿನ್ನುವುದನ್ನು.

“ಅದನ್ನ ಯಾವ ಮಗು ತಾನಾಗೇ ಕಲ್ತದೆ? ಪಕ್ಕದಲ್ಲಿ ಕೂರಿಸ್ಕೊಂಡು ಯಾರೋ ತಿನ್ಸಿರ್ಬೇಕು. ನೀನು ಪಕ್ಕದಲ್ಲಿ ಒಬ್ರಿಗೆ ಜಾಗ ಬಿಟ್ಟೇ ಕೂತ್ಕೋತಿದ್ದೆ. ಅವತ್ತಿಂದ ಪಾತ್ರೆಗೆ ನೀರು ಹಾಕ್ಲಿಲ್ಲ ನಾನು.”

ಅಜ್ಜಿ ಬೈದದ್ದು, ನೆಂಟರ ಮುಂದೆ ಹಂಗಿಸಿದ್ದು, ನಾನೂ ಮನಸ್ಸಿನಲ್ಲಿ ಬೈದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ವರ್ಷಗಟ್ಟಲೆ ಸೋಮಾರಿ ಅನ್ನಿಸಿಕೊಂಡು ನನಗೆ ಚಕ್ಕೆ ಉಳಿಸಿದ್ದಳು. ಗೊತ್ತಿದ್ದ ಮೇಲೆ ಎಡೆಗೆ ಅದನ್ನೇ ಯಾಕೆ ಇಡಲಿಲ್ಲ, ನನ್ನ ಸುಳ್ಳನ್ನು ಯಾಕೆ ಇಟ್ಟೆ ಎಂದು ಕೇಳಿದೆ.

“ಕಲ್ಲಿನ ಮೇಲೆ ಕೂತಿದ್ದಾಗ ಕೇಳಿದ್ನಲ್ಲ, ನೀನೇ ಹೇಳ್ಲಿ ಅಂತ ಕೇಳ್ದೆ. ನೀನು ಕೊಡಲ್ಲ ಅಂದೆ. ಅದು ನಿಮ್ಮಿಬ್ರದ್ದು. ನಾನು ಹೆಂಗೆ ಕಿತ್ಕೊಳ್ಳಿ?” ಅಂದಳು. “ಅವತ್ತು ನೀನು ಎರಡು ಸಲ ಹಾಕಿಸ್ಕೊಂಡು ಉಂಡೆ. ಅದ್ಕೇ ಮತ್ತೆ ಮತ್ತೆ ಮಾಡ್ದೆ. ನಿಮ್ಮಮ್ಮಂಗೆ ಮಾತ್ರ ಅನ್ಯಾಯ ಆಯ್ತು. ಅದನ್ನ ನೀನೇ ಸರಿ ಮಾಡ್ಬೇಕು ಕಣವ್ವ.”

ನನ್ನ ಮದುವೆಯಲ್ಲಿ ಮಳೆ ಬಂದಾಗ ನಕ್ಕದ್ದು ಯಾಕೆಂದು ಅವತ್ತು ತಿಳಿಯಿತು. ನಾನು ಅಳುತ್ತಿದ್ದೆ. ಅಳುತ್ತಲೇ, ನಿನಗೇನಿಷ್ಟ ಚಿಕ್ಕಮ್ಮ ಎಂದು ಕೇಳಿದೆ. ಅಷ್ಟು ವರ್ಷ ಅವಳ ಕೈಯಡುಗೆ ಉಂಡವಳು ಮೊದಲ ಸಲ ಕೇಳಿದ್ದು.

“ಈಗ ಕೇಳ್ತಿದೀಯಾ?” ಅಂದಳು. “ಉಪ್ಪು ಹಾಕಿದ್ದು ಏನಾದ್ರೂ ಸರಿ.”

ನರ್ಸು ಬಂದು ಯಂತ್ರ ನೋಡಿಕೊಂಡು ಹೋದಳು. ಚಿಕ್ಕಮ್ಮ ನಿದ್ದೆ ಹೋದಳು. ಇನ್ನೊಂದು ಸಲ ಸರಿಯಾಗಿ ಕೇಳೋಣ ಅಂದುಕೊಂಡೆ. ಆಮೇಲೆ ಬಂದಾಗಲೆಲ್ಲ ಔಷಧಿ, ರಿಪೋರ್ಟು, ಆಟೋ ಎಂದು ಹೊತ್ತು ಹೋಯಿತು, ಕೇಳಲಿಲ್ಲ. ಆ ಬೇಸಿಗೆ ಅವಳು ತೀರಿಕೊಂಡಳು.

ಅವಳಿಗೆ ವರ್ಷ ತುಂಬಿದ ಮೇಲೆ ಬಂದ ಅಮಾವಾಸ್ಯೆಗೆ ಎರಡು ದಿನ ರಜೆ ಹಾಕಿ ತುಮಕೂರಿಗೆ ಹೋದೆ. ಎಡೆಗೆ ಅವಳಿಗೆ ಏನಿಡಬೇಕು ಎಂದು ತಮ್ಮನ ಹೆಂಡತಿ ಕೇಳಿದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, ಅವಳು ಎಲ್ಲಾ ತಿನ್ನುತ್ತಿದ್ದಳು, ಇಂಥದ್ದೇ ಬೇಕು ಅಂದವಳಲ್ಲ ಎಂದ. ಇದೇ ಮಾತನ್ನು ಅಜ್ಜಿ ಅಮ್ಮನ ಬಗ್ಗೆಯೂ ಆಡಿದ್ದಳು. ನನಗೆ ಅಪ್ಪನ ಮೇಲೆ ಕೋಪ ಬಂತು, ಮರುಗಳಿಗೆ ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ತಮ್ಮನ ಮನೆಯಲ್ಲಿ ಮುದ್ದೆ ತೊಳಸುವುದು ತಳ ಹಿಡಿಯದ ಹೊಸ ಪಾತ್ರೆಯಲ್ಲಿ. ಅದರಲ್ಲಿ ಚಕ್ಕೆ ಏಳುವುದಿಲ್ಲ. ಅಟ್ಟದ ಮೇಲಿದ್ದ ಚಿಕ್ಕಮ್ಮನ ಹಳೇ ಸಿಲವಾರದ ಪಾತ್ರೆ ಇಳಿಸಿ, ಬೆಳಿಗ್ಗೆಯೇ ಅದರಲ್ಲಿ ಮುದ್ದೆ ತೊಳಸಿ, ಪಾತ್ರೆಯನ್ನು ಒಣಗಲು ಬಿಟ್ಟೆ. ಯಾಕೆಂದು ತಮ್ಮನ ಹೆಂಡತಿ ಕೇಳಿದಳು. ಬೇಕು ಎಂದಷ್ಟೇ ಹೇಳಿದೆ. ಬಸ್ಸಾರನ್ನೂ ನಾನೇ ಮಾಡಿದೆ, ಒಗ್ಗರಣೆ ಹಾಕಿದ ಮೇಲೆ ಏಲಕ್ಕಿ ಬಾಳೆ ಕಿವುಚಿದೆ.

ಸಂಜೆ ಫೋಟೋಗಳ ಮುಂದೆ ಎಲೆ ಹಾಕಿದೆವು. ಅಮ್ಮನ ಎಲೆ, ಪಕ್ಕದಲ್ಲಿ ಚಿಕ್ಕಮ್ಮನ ಎಲೆ. ನಾನು ಮುದ್ದೆಯನ್ನೂ ಬಾಳೆಹಣ್ಣಿನ ಸಾರನ್ನೂ ಚಿಕ್ಕಮ್ಮನ ಎಲೆಗೆ ಬಡಿಸಿದೆ. ಎಲೆಯ ತುದಿಗೆ ಉಪ್ಪನ್ನು ಚಿಟಿಕೆಯಲ್ಲಲ್ಲ, ಹಿಡಿಯಲ್ಲಿ ಇಟ್ಟೆ. ಅಪ್ಪ ಕೂತಲ್ಲಿಂದಲೇ ಎಲೆ ತಪ್ಪಿದೆ ಕಣವ್ವ, ಅದು ನಿಮ್ಮಮ್ಮನದು ಎಂದ.

ತಪ್ಪಿಲ್ಲ ಎಂದೆ. ಅಮ್ಮನ ಎಲೆಯ ಮೇಲೆ ರಾಗಿ ಚಕ್ಕೆಗಳನ್ನು ಜೋಡಿಸಿ, ಪಕ್ಕದಲ್ಲಿ ಬೆಲ್ಲದ ಕಾಫಿಯ ಲೋಟ ಇಟ್ಟೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಿತ್ತಿಲ ಹೊಸ್ತಿಲು, ಒಗೆಯುವ ಕಲ್ಲು, ನನ್ನ ಸುಳ್ಳು, ನೀರು ಹಾಕದ ಪಾತ್ರೆ, ಆಸ್ಪತ್ರೆಯಲ್ಲಿ ಅವಳು ಆಡಿದ ಮಾತು. ಹೇಳಿ ಮುಗಿದ ಮೇಲೂ ಅಪ್ಪ ಅಮ್ಮನ ಫೋಟೋ ಕಡೆ ನೋಡುತ್ತಾ ಕೂತಿದ್ದ.

ಮಾತಾಡಿದವನು ತಮ್ಮ. “ನಂಗೆ ನೆನಪೈತಲ್ಲಕ್ಕ,” ಅಂದ. ಅವನ ದನಿ ಚಿಕ್ಕ ಹುಡುಗನದಾಗಿತ್ತು. “ಅಮ್ಮ ತೊಡೆ ಮೇಲೆ ಕೂರಿಸ್ಕೊಂಡು ತಿನ್ಸಿದ್ದು. ಅದೂ ಸುಳ್ಳಾ?”

“ತಿನ್ಸಿದ್ದು ನಿಜ ಕಣೋ,” ಎಂದೆ. ಚಿಕ್ಕಮ್ಮನ ಎಲೆ ತೋರಿಸಿದೆ. “ತಿನ್ಸಿದೋಳು ಇವ್ಳು.”

ಅವನು ಎದ್ದು ಹೊರಗೆ ಹೋದ. ಹೇಗೂ ಬಾಗಿಲು ಮುಚ್ಚಿ ಕಾಯುವ ಹೊತ್ತಾಗಿತ್ತು, ನಾವೂ ಅವನ ಹಿಂದೆ ಹೋದೆವು. ಗೇಟಿನ ಹತ್ತಿರ ಅವನು ನಮಗೆ ಬೆನ್ನು ಮಾಡಿ ನಿಂತಿದ್ದ. ನಾನು ಮುಚ್ಚಿದ ಬಾಗಿಲ ಹೊರಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಸಂಕಟವಿಲ್ಲದೆ ನಿಂತೆ. ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿರಬಹುದು ಅಂದುಕೊಂಡೆ.

ಒಳಗೆ ಬಂದಾಗ ಅಪ್ಪ ಮೊದಲು ಅಮ್ಮನ ಎಲೆಯ ಮುಂದೆ ಕೂತ. ಒಂದು ಚಕ್ಕೆ ತೆಗೆದು, ತಣ್ಣಗಾದ ಕಾಫಿಗೆ ಅದ್ದಿದ. ಜಾಸ್ತಿ ಹೊತ್ತು ಬಿಡಬಾರದು ಎಂದು ನಾನು ಹೇಳಿದೆ. ಅವನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ಇದೂ ಗೊತ್ತಿರ್ಲಿಲ್ಲ ನಂಗೆ,” ಅಂದ. ಆಮೇಲೆ ಚಿಕ್ಕಮ್ಮನ ಎಲೆಯ ಕಡೆ ತಿರುಗಿದ. ಅಲ್ಲಿ ಅವನಿಗೆ ಹೇಳಲು ಏನೂ ಇರಲಿಲ್ಲ. ತಮ್ಮ ಬಂದು ಆ ಎಲೆಯ ಮುಂದೆ ಕೂತು, ಮುದ್ದೆಯನ್ನು ಆ ಸಾರಿನಲ್ಲಿ ಅದ್ದಿ, ತಲೆ ಎತ್ತದೆ ಪೂರ್ತಿ ಉಂಡ.

ಊಟವಾದ ಮೇಲೆ ತಮ್ಮನ ಹೆಂಡತಿ ಸಿಲವಾರದ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಳು. ತಳದಲ್ಲಿ ಇನ್ನೂ ಅಷ್ಟು ಚಕ್ಕೆ ಉಳಿದಿತ್ತು. ಅವಳ ಮೂರು ವರ್ಷದ ಮಗಳು ಪಕ್ಕದಲ್ಲಿ ನಿಂತು ಪಾತ್ರೆಯೊಳಗೆ ಇಣುಕುತ್ತಿದ್ದಳು.

ನೀರು ಹಾಕಬೇಡ, ನಾಳೆ ಸಂಜೆಯವರೆಗೆ ಹಾಗೇ ಇರಲಿ ಎಂದೆ.